ಚಿನ್ನಪ್ಪಂಪಟ್ಟಿಯ ನಟರಾಜನ್: ಗಾಯಾಳು ಆಟಗಾರನಿಗಾಗಿ ಕಾಯುವವರು ಯಾರು?

ಬೆಂಗ್ರೆ, ಉಳ್ಳಾಲ, ಬಂದರ್, ನಮ್ಮ ಯಾವ ಊರಿನ ಫುಟ್ಬಾಲ್ ತಂಡವನ್ನು ತೆಗೆದುಕೊಂಡರೂ ಅಲ್ಲಿ ಇಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಬಾಲ್ ಅವನ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಆದರೆ ಸೀಸನ್‌ನಲ್ಲಿ ಎರಡು ಸಲವಾದರೂ ಮೊಣಕಾಲು ಹಿಡಿದುಕೊಂಡು ಗೆರೆಯಾಚೆ ಕೂರುತ್ತಾನೆ. ಮುಂದಿನ ಟೂರ್ನಮೆಂಟಿಗೆ ಹೆಸರು ಬರೆಯುವಾಗ ಚರ್ಚೆ ಶುರುವಾಗುತ್ತದೆ. ಇವನನ್ನೇ ಇಟ್ಟುಕೊಳ್ಳುವುದೋ, ಅಷ್ಟೇನೂ ಪ್ರತಿಭೆ ಇಲ್ಲದಿದ್ದರೂ ಗಟ್ಟಿಮುಟ್ಟಾದ ಇನ್ನೊಬ್ಬನನ್ನು ತೆಗೆದುಕೊಳ್ಳುವುದೋ? ಹೆಚ್ಚಿನ ಸಲ ಎರಡು ನಿಮಿಷದಲ್ಲಿ ತೀರ್ಮಾನ ಮುಗಿಯುತ್ತದೆ. ಹುಡುಗ ಒಂದೆರಡು ವರ್ಷ ಮೈದಾನದ ಬದಿಯಲ್ಲಿ ನಿಂತು ಆಟ ನೋಡುತ್ತಾನೆ. ವೀಸಾ ಬಂದ ದಿನ ಗಲ್ಫ್‌ಗೆ ಹೊರಡುತ್ತಾನೆ.

ಎರಡು ನಿಮಿಷದ ತೀರ್ಮಾನಕ್ಕಿಂತ, ಒಬ್ಬ ಆಟಗಾರನ ಇಡೀ ಚರಿತ್ರೆಯನ್ನು ಮುಂದಿಟ್ಟುಕೊಂಡು ಯೋಚಿಸುವುದು ಒಳ್ಳೆಯದು. ನಾನು ಆರಿಸಿಕೊಂಡವರು ಫುಟ್ಬಾಲಿಗರಲ್ಲ, ಕ್ರಿಕೆಟ್ ಬೌಲರ್. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿ ಎಂಬ ಹಳ್ಳಿಯ ಟಿ. ನಟರಾಜನ್. ಯಾರು ಅವರಿಗಾಗಿ ಕಾದರು, ಯಾರು ಕಾಯಲಿಲ್ಲ, ಕಾದವರಿಗೆ ಏನು ಸಿಕ್ಕಿತು ಎಂಬುದೆಲ್ಲ ವರ್ಷ ವರ್ಷದ ಲೆಕ್ಕದಲ್ಲಿ ನಮ್ಮೆದುರು ಇದೆ.

ಸೇಲಂ ಸೀಮೆ

ಮಂಗಳೂರಿನಿಂದ ಚೆನ್ನೈ ರೈಲು ಹತ್ತಿದವರಿಗೆ ಸೇಲಂ ಗೊತ್ತು. ಪಾಲಕ್ಕಾಡ್, ಈರೋಡು ದಾಟಿದ ಮೇಲೆ ಬರುವ ದೊಡ್ಡ ಸ್ಟೇಷನ್ ಅದು. ಅದರ ಉತ್ತರಕ್ಕೆ ಧರ್ಮಪುರಿ. 1965ರವರೆಗೆ ಎರಡೂ ಸೇರಿ ಒಂದೇ ಜಿಲ್ಲೆ. ಇಲ್ಲಿನ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಅಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋ, 1799ರಲ್ಲಿ ಟಿಪ್ಪು ಹತರಾದ ಮೇಲೆ ಕಲೆಕ್ಟರ್ ಆಗಿ ಬಂದದ್ದು ನಮ್ಮ ಕೆನರಾಕ್ಕೆ. ಅಂದರೆ ಈ ಸೀಮೆಗೂ ನಮಗೂ ಹಳೆಯ ಪರಿಚಯವಿದೆ.

ಆಟದ ವಿಷಯದಲ್ಲಿ ಮಾತ್ರ ಇದು ದೂರದ ಊರು. ತಮಿಳುನಾಡಿನ ಕ್ರಿಕೆಟ್ ಎಂದರೆ ಚೆನ್ನೈ. ಲೀಗ್, ಕೋಚ್, ಫಿಸಿಯೋ, ಆಯ್ಕೆದಾರರು ಎಲ್ಲರೂ ಅಲ್ಲಿ. ಸೇಲಂ ಜಿಲ್ಲೆಯ ವಾಳಪ್ಪಾಡಿಯಲ್ಲಿ ದೊಡ್ಡ ಕ್ರಿಕೆಟ್ ಮೈದಾನ ಉದ್ಘಾಟನೆಯಾದದ್ದು 2020ರಲ್ಲಿ. ಅಷ್ಟರಲ್ಲಿ ನಟರಾಜನ್‌ಗೆ ಸುಮಾರು 29 ವರ್ಷ.

ಕರಾರಿಲ್ಲದೆ ಕಾದವರು

ನಟರಾಜನ್ ಹುಟ್ಟಿದ್ದು 1991ರಲ್ಲಿ. ತಂದೆಗೆ ದಿನಗೂಲಿ, ತಾಯಿಗೆ ರಸ್ತೆ ಬದಿಯಲ್ಲಿ ಕೋಳಿ ಖಾದ್ಯ ಮಾರುವ ಚಿಕ್ಕ ಅಂಗಡಿ. ಐದು ಮಕ್ಕಳಲ್ಲಿ ಇವರೇ ಹಿರಿಯರು. ಇಪ್ಪತ್ತು ವರ್ಷ ತುಂಬುವವರೆಗೆ ಆಡಿದ್ದು ಟೆನ್ನಿಸ್ ಬಾಲ್ ಕ್ರಿಕೆಟ್. ಊರಿನವರೇ ಆದ ಜಯಪ್ರಕಾಶ್ ಎಂಬವರು ಇವರ ಎಡಗೈ ಬೌಲಿಂಗ್ ನೋಡಿ ಚೆನ್ನೈಗೆ ಕರೆದುಕೊಂಡು ಹೋದರು. 2010-11ರಲ್ಲಿ ಬಿಎಸ್‌ಎನ್‌ಎಲ್ ತಂಡಕ್ಕೆ ನಾಲ್ಕನೇ ಡಿವಿಜನ್ ಲೀಗ್, ಆಮೇಲೆ ವಿಜಯ್ ಕ್ರಿಕೆಟ್ ಕ್ಲಬ್, ಅಲ್ಲಿಂದ ಜಾಲಿ ರೋವರ್ಸ್. 2015ರ ಜನವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಬಂಗಾಳದ ವಿರುದ್ಧ ಮೊದಲ ರಣಜಿ ಪಂದ್ಯ.

ಅದೇ ಪಂದ್ಯದಲ್ಲಿ ಬೌಲಿಂಗ್ ಶೈಲಿಯ ಮೇಲೆ ಅನುಮಾನದ ವರದಿ ಹೋಯಿತು. ಬಡ ಮನೆಯ ಹುಡುಗನಿಗೆ ಇದು ಗಾಯಕ್ಕಿಂತ ಕಡಿಮೆ ಏನಲ್ಲ, ಏಕೆಂದರೆ ಇದೂ ಆಟದಿಂದ ಹೊರಗೆ ಕೂರಿಸುತ್ತದೆ. ತಮಿಳುನಾಡಿನ ಮಾಜಿ ಸ್ಪಿನ್ನರ್ ಸುನಿಲ್ ಸುಬ್ರಮಣಿಯಂ ಮೊದಲಾದವರು ಶೈಲಿ ತಿದ್ದಲು ಜೊತೆಗೆ ನಿಂತರು. ಕೈಯ ಚಲನೆಯನ್ನು ಮೊದಲಿನಿಂದ ಕಲಿತು, 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್‌ನಲ್ಲಿ ದಿಂಡಿಗಲ್ ತಂಡಕ್ಕೆ ಯಾರ್ಕರ್ ಮೇಲೆ ಯಾರ್ಕರ್ ಹಾಕಿದರು.

ಅಲ್ಲಿಯವರೆಗೆ ಕಾದವರು ಯಾರೂ ಲಾಭದ ಕರಾರು ಮಾಡಿಕೊಂಡವರಲ್ಲ. ಜಯಪ್ರಕಾಶ್ ಅವರಿಗೆ ಈ ಆಟಗಾರನಲ್ಲಿ ಶೇರು ಇರಲಿಲ್ಲ. ನಟರಾಜನ್ ಜರ್ಸಿಯ ಮೇಲೆ ‘ಜೆಪಿ ನಟ್ಟು’ ಎಂದು ಬರೆಸಿಕೊಂಡದ್ದು ಆ ಋಣಕ್ಕೆ. ಹಳ್ಳಿಯ ಹುಡುಗನ ಮೊದಲ ಗಾಯ, ಮೊದಲ ಹಿನ್ನಡೆಯ ಖರ್ಚನ್ನು ದೊಡ್ಡ ತಂಡ ಹೊರುವುದಿಲ್ಲ. ಮನೆಯವರು ಮತ್ತು ಊರಿನ ಒಬ್ಬ ಅಣ್ಣ ಹೊರುತ್ತಾರೆ.

ಮೂರು ಕೋಟಿಯಿಂದ ಬೆಂಚಿಗೆ

2017ರ ಐಪಿಎಲ್ ಹರಾಜಿನಲ್ಲಿ ಪಂಜಾಬ್ ತಂಡ ಅವರಿಗೆ 3 ಕೋಟಿ ರೂಪಾಯಿ ಕೊಟ್ಟಿತು. ಮೂಲ ಬೆಲೆ 10 ಲಕ್ಷ. ಆಡಿದ್ದು 6 ಪಂದ್ಯ, ಸಿಕ್ಕಿದ್ದು 2 ವಿಕೆಟ್. ಮೊಣಕೈ ನೋವು ಬೇರೆ ಕಾಡಿತು. ಒಂದೇ ವರ್ಷಕ್ಕೆ ಪಂಜಾಬ್ ಕೈಬಿಟ್ಟಿತು. 2018ರಲ್ಲಿ ಸನ್‌ರೈಸರ್ಸ್ ಹೈದರಾಬಾದ್ 40 ಲಕ್ಷಕ್ಕೆ ತೆಗೆದುಕೊಂಡಿತು. ಆ ವರ್ಷ ಒಂದೂ ಪಂದ್ಯವಿಲ್ಲ. 2019ರಲ್ಲೂ ಇಲ್ಲ. ಆದರೂ ಹೈದರಾಬಾದ್ ಬಿಡಲಿಲ್ಲ.

2020ರಲ್ಲಿ ಯುಎಇಯಲ್ಲಿ ನಡೆದ ಐಪಿಎಲ್‌ನಲ್ಲಿ ನಟರಾಜನ್ 16 ವಿಕೆಟ್ ಪಡೆದರು. ಎಲಿಮಿನೇಟರ್ ಪಂದ್ಯದಲ್ಲಿ ಎಬಿ ಡಿವಿಲಿಯರ್ಸ್ ಅವರ ಸ್ಟಂಪ್ ಹಾರಿಸಿದ ಯಾರ್ಕರ್ ನಮ್ಮಲ್ಲಿ ಬೆಂಗಳೂರು ತಂಡದ ಅಭಿಮಾನಿಗಳಿಗೆ ಇನ್ನೂ ಮರೆತಿರಲಾರದು. ನೆಟ್ ಬೌಲರ್ ಆಗಿ ಆಸ್ಟ್ರೇಲಿಯಾಕ್ಕೆ ಹೋದವರು ಡಿಸೆಂಬರ್ 2ರಂದು ಏಕದಿನ, 4ರಂದು ಟಿ20, 2021ರ ಜನವರಿ 15ರಂದು ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದರು. ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗಳಿಗೆ ಕಾಲಿಟ್ಟ ಮೊದಲ ಭಾರತೀಯ ಇವರು. ಭಾರತದ 300ನೇ ಟೆಸ್ಟ್ ಆಟಗಾರನೂ ಹೌದು. ಬ್ರಿಸ್ಬೇನ್‌ನ ಮೊದಲ ಇನ್ನಿಂಗ್ಸ್‌ನಲ್ಲಿ 3 ವಿಕೆಟ್ ಸಿಕ್ಕಿತು, ಭಾರತ ಆ ಪಂದ್ಯ ಗೆದ್ದು ಸರಣಿಯನ್ನೂ ಗೆದ್ದಿತು. ಗಾಯಾಳು ಎನಿಸಿಕೊಂಡವರಿಗೆ ಆ ಜಾಗ ಸಿಕ್ಕಿದ್ದು ಗಟ್ಟಿಮುಟ್ಟಾದವರೆಲ್ಲ ಗಾಯಗೊಂಡದ್ದರಿಂದ. ಬುಮ್ರಾ, ಅಶ್ವಿನ್, ಜಡೇಜಾ ಮೂವರೂ ಆ ಟೆಸ್ಟ್‌ನಿಂದ ಹೊರಗಿದ್ದರು.

ಆಮೇಲೆ ಮೊಣಕಾಲು. 2021ರ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ. ಸೆಪ್ಟೆಂಬರಿನಲ್ಲಿ ಮರಳಿ ಬರುವ ಹೊತ್ತಿಗೆ ಕೋವಿಡ್. ಅವರ ಜಾಗಕ್ಕೆ ತಾತ್ಕಾಲಿಕವಾಗಿ ಬಂದ ನೆಟ್ ಬೌಲರ್ ಉಮ್ರಾನ್ ಮಲಿಕ್ ರಾತ್ರೋರಾತ್ರಿ ಹೆಸರಾದರು. ಇನ್ನು ನಟರಾಜನ್ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಹೈದರಾಬಾದ್ ಮಾತ್ರ 2022ರ ಹರಾಜಿನಲ್ಲಿ 4 ಕೋಟಿ ಕೊಟ್ಟು ಮತ್ತೆ ಕರೆದುಕೊಂಡಿತು. 2022ರಲ್ಲಿ 11 ಪಂದ್ಯಕ್ಕೆ 18 ವಿಕೆಟ್, 2023ರಲ್ಲಿ 10, 2024ರಲ್ಲಿ 19. ಆ ವರ್ಷ ತಂಡ ಫೈನಲ್ ತಲುಪಿತು.

2025ಕ್ಕೆ ಡೆಲ್ಲಿ ತಂಡ 10.75 ಕೋಟಿ ಕೊಟ್ಟು ಕೊಂಡಿತು. ಇದು ಅವರ ಜೀವನದ ಅತಿ ದೊಡ್ಡ ಬೆಲೆ. ಆ ಸೀಸನ್‌ನಲ್ಲಿ ಆಡಿದ್ದು ಎರಡೇ ಪಂದ್ಯ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮೊದಲು ಭಾರತಕ್ಕಾಗಿ ಅವರು ಆಡಿದ್ದು ಒಂದು ಟೆಸ್ಟ್, ಎರಡು ಏಕದಿನ, ನಾಲ್ಕು ಟಿ20. ಏಳೂ ಪಂದ್ಯ ನಾಲ್ಕು ತಿಂಗಳೊಳಗೆ ಮುಗಿದವು.

ಈ ಲೆಕ್ಕವನ್ನು ಅಂಗಡಿಯ ಪುಸ್ತಕದ ಹಾಗೆ ಓದಿದರೆ ಒಂದು ವಿಷಯ ಸ್ಪಷ್ಟ. ದೊಡ್ಡ ಬೆಲೆ ಕೊಟ್ಟ ಎರಡು ತಂಡಗಳಿಗೆ ಫಲ ಸಿಗಲಿಲ್ಲ. ಚಿಕ್ಕ ಬೆಲೆಗೆ ತೆಗೆದುಕೊಂಡು ಎರಡು ವರ್ಷ ಬೆಂಚಿನಲ್ಲಿ ಕೂರಿಸಿ ಕಾದ ತಂಡಕ್ಕೆ ಸಿಕ್ಕಿತು. ಗಾಯಾಳು ಆಟಗಾರನ ಕೈ ಹಿಡಿಯುವುದು ಎಂದರೆ ಹೆಚ್ಚು ದುಡ್ಡು ಕೊಡುವುದಲ್ಲ, ಹೆಚ್ಚು ಸಮಯ ಕೊಡುವುದು.

ಲೋಹ ಬೇರೆ, ಮೂಳೆ ಬೇರೆ

ಡಿಪ್ಲೊಮಾದಲ್ಲಿ ನಮಗೆ ಫೆಟೀಗ್ ಎಂಬ ಪಾಠ ಇತ್ತು. 19ನೇ ಶತಮಾನದ ಜರ್ಮನಿಯಲ್ಲಿ ರೈಲಿನ ಆಕ್ಸಲ್‌ಗಳು ಸುಮ್ಮಸುಮ್ಮನೆ ಮುರಿಯುತ್ತಿದ್ದವು. ಆಗಸ್ಟ್ ವೋಲರ್ ಎಂಬ ಎಂಜಿನಿಯರ್ ಪರೀಕ್ಷೆ ಮಾಡಿ ತೋರಿಸಿದರು: ಒಮ್ಮೆ ಹೊರಿಸಿದರೆ ಏನೂ ಆಗದ ಭಾರವನ್ನೇ ಲಕ್ಷಾಂತರ ಸಲ ಹೊರಿಸಿದರೆ ಲೋಹದಲ್ಲಿ ಬಿರುಕು ಹುಟ್ಟಿ ಬೆಳೆಯುತ್ತದೆ. ವೇಗದ ಬೌಲರ್‌ನ ಮುಂಗಾಲು ನೆಲಕ್ಕೆ ಬಡಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಫುಟ್ಬಾಲಿಗ ಓಡುತ್ತಾ ತಟ್ಟನೆ ತಿರುಗುವಾಗ ಮೊಣಕಾಲಿನ ಮೇಲೂ ಹಾಗೆಯೇ. ಒಂದು ದಿನದ ಆಟ ಏನೂ ಮಾಡುವುದಿಲ್ಲ. ಬಿಡುವಿಲ್ಲದ ಆಟ ಮಾಡುತ್ತದೆ. ನಿನ್ನೆಯವರೆಗೆ ಟೆನ್ನಿಸ್ ಬಾಲ್ ಎಸೆದ ಕೈಗೆ ಇದ್ದಕ್ಕಿದ್ದಂತೆ ಗಟ್ಟಿ ಚೆಂಡಿನ ಉದ್ದುದ್ದ ಸ್ಪೆಲ್ ಕೊಟ್ಟರೂ ಅಷ್ಟೇ.

ಆದರೆ ಈ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಬಿರುಕು ಬಿಟ್ಟ ಆಕ್ಸಲ್ ಎಷ್ಟು ದಿನ ಮೂಲೆಯಲ್ಲಿಟ್ಟರೂ ಕೂಡಿಕೊಳ್ಳುವುದಿಲ್ಲ, ಅದನ್ನು ಎಸೆಯಲೇಬೇಕು. ಮೂಳೆ ಕೂಡಿಕೊಳ್ಳುತ್ತದೆ. ಬಿಡುವು ಕೊಟ್ಟು, ಆಮೇಲೆ ಅಳತೆಯಲ್ಲಿ ಭಾರ ಹೆಚ್ಚಿಸುತ್ತಾ ಹೋದರೆ ಬಲವೂ ಆಗುತ್ತದೆ. ನಮ್ಮ ಊರಿನ ತಂಡಗಳು ಹುಡುಗರನ್ನು ಆಕ್ಸಲ್‌ನಂತೆ ನೋಡುತ್ತವೆ. ಮುರಿಯುವವರೆಗೆ ಓಡಿಸುವುದು, ಮುರಿದ ಮೇಲೆ ಬದಲಿಸುವುದು.

ಇನ್ನೊಂದು ಬದಿಯನ್ನೂ ಹೇಳಬೇಕು. ಒಮ್ಮೆ ಗಾಯವಾದವನಿಗೆ ಮತ್ತೆ ಗಾಯವಾಗುವ ಸಂಭವ ಹೆಚ್ಚು ಎಂದು ಕ್ರೀಡಾ ವೈದ್ಯರೇ ಹೇಳುತ್ತಾರೆ. ಆದ್ದರಿಂದ ಹಿಂಜರಿಯುವ ಮ್ಯಾನೇಜರ್ ಮೂರ್ಖನಲ್ಲ. ಅವನ ಹಿಂಜರಿಕೆಗೆ ಇನ್ನೂ ಒಂದು ಕಾರಣವಿದೆ.

ಕಾದವನಿಗೇ ಫಲ ಸಿಗುತ್ತದೆಯೇ?

ಯಾವಾಗಲೂ ಇಲ್ಲ. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರನ್ನೇ ನೋಡಿ. ರಾಜಸ್ಥಾನ ತಂಡ 2022ರಲ್ಲಿ 10 ಕೋಟಿ ಕೊಟ್ಟು ತೆಗೆದುಕೊಂಡಿತು. ಒಂದು ಸೀಸನ್ ಆಡಿದರು. ಬೆನ್ನಿನ ಗಾಯದಿಂದ 2023 ಹೋಯಿತು, ತೊಡೆಯ ಗಾಯದಿಂದ 2024 ಹೋಯಿತು. ರಾಜಸ್ಥಾನ ಎರಡೂ ವರ್ಷ ಹೆಸರು ಇಟ್ಟುಕೊಂಡು ಕಾಯಿತು, ಆಮೇಲೆ ಬಿಟ್ಟಿತು. 2025ರಲ್ಲಿ 9.5 ಕೋಟಿಗೆ ಗುಜರಾತ್ ಸೇರಿದ ಅವರು 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಗೆದ್ದರು. ಕಾದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಫುಟ್ಬಾಲಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಬ್ರೆಜಿಲ್‌ನ ರೊನಾಲ್ಡೊ. ವಿಶ್ವಕಪ್ ಬಂದರೆ ಹಳದಿ ಬಾವುಟ ಕಟ್ಟುವ ನಮ್ಮ ಮನೆಗಳಲ್ಲಿ ಈ ಹೆಸರು ಹೊಸದಲ್ಲ. 1999ರ ನವೆಂಬರಿನಲ್ಲಿ ಇಟಲಿಯ ಇಂಟರ್ ಮಿಲಾನ್‌ಗೆ ಆಡುವಾಗ ಅವರ ಮೊಣಕಾಲಿನ ಸ್ನಾಯುಬಂಧ ಹರಿಯಿತು. 2000ದ ಏಪ್ರಿಲ್ 12ರಂದು ಮರಳಿ ಮೈದಾನಕ್ಕಿಳಿದು ಕೆಲವೇ ನಿಮಿಷಗಳಲ್ಲಿ ಅದೇ ಮೊಣಕಾಲು ಹಿಡಿದುಕೊಂಡು ಬಿದ್ದರು. ಆಗ ಅವರಿಗೆ 23 ವರ್ಷ. ಮುಂದಿನ ಇಡೀ ಸೀಸನ್ ಹೋಯಿತು. ಇಂಟರ್ ಕಾಯಿತು. 2002ರ ವಿಶ್ವಕಪ್‌ನಲ್ಲಿ ರೊನಾಲ್ಡೊ 8 ಗೋಲು ಹೊಡೆದರು, ಫೈನಲ್‌ನ ಎರಡೂ ಗೋಲು ಅವರವೇ. ಕಪ್ ಬ್ರೆಜಿಲ್‌ಗೆ ಹೋಯಿತು, ಅದೇ ವರ್ಷ ರೊನಾಲ್ಡೊ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಇಂಟರ್‌ಗೆ ಉಳಿದದ್ದು ಕಾದ ವರ್ಷಗಳು.

ಹಾಗಾದರೆ ಯಾರೂ ಕಾಯಬಾರದೇ? ಎಲ್ಲರೂ ಹಾಗೆ ಯೋಚಿಸಿದರೆ ರೊನಾಲ್ಡೊ ಇಲ್ಲ, ಪ್ರಸಿದ್ಧ್ ಇಲ್ಲ, ನಟರಾಜನ್ ಇಲ್ಲ. ನನ್ನ ಪ್ರಕಾರ ಇದಕ್ಕೆ ಉತ್ತರ, ಕಾಯುವ ಭಾರವನ್ನು ಒಬ್ಬನೇ ಹೊರಬಾರದು ಎಂಬುದು. ಫಿಫಾ 2012ರಿಂದ ಇದನ್ನೇ ಮಾಡುತ್ತಿದೆ. ದೇಶಕ್ಕಾಗಿ ಆಡುವಾಗ ಆಟಗಾರ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಹೊರಗುಳಿದರೆ ಕ್ಲಬ್‌ಗೆ ಪರಿಹಾರ ಕೊಡುತ್ತದೆ. ಲಾಭ ಯಾರಿಗೆ ಸಿಗುತ್ತದೆಂದು ಮೊದಲೇ ಗೊತ್ತಿಲ್ಲದಿದ್ದಾಗ ನಷ್ಟವನ್ನು ಹಂಚಿಕೊಳ್ಳುವುದೇ ನ್ಯಾಯ.

ನಮ್ಮ ಊರಿನ ಲೆಕ್ಕ

ನನ್ನ ತಂದೆಯದು ಜೀನಸಿನ ಅಂಗಡಿ. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್ ದಡದಲ್ಲಿ, ಕೈಯಲ್ಲಿ ಕಾಸಿಲ್ಲ. ಆ ಎರಡು ತಿಂಗಳು ಅಕ್ಕಿ, ಎಣ್ಣೆ ಎಲ್ಲ ಸಾಲದ ಪುಸ್ತಕದಲ್ಲಿ. ಒಂದೊಂದು ಮನೆಗೆ ಒಂದೊಂದು ಮಿತಿ ಇಡುತ್ತಿದ್ದರು, ಆದರೆ ಯಾರ ಪುಟವನ್ನೂ ಮುಚ್ಚುತ್ತಿರಲಿಲ್ಲ. ದುಡಿಯುವ ಮನುಷ್ಯ ಕೆಲವು ತಿಂಗಳು ದಡದಲ್ಲಿ ಕೂರಬೇಕಾಗುತ್ತದೆ ಎಂಬುದು ಕರಾವಳಿಯ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈದಾನಕ್ಕೆ ಬಂದಾಗ ಮಾತ್ರ ಇದನ್ನು ಮರೆಯುತ್ತೇವೆ.

ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದವನು ಮರಳಿ ಆಡಲು ಕನಿಷ್ಠ ಒಂಬತ್ತು ತಿಂಗಳು ಬೇಕು. ನಮ್ಮಲ್ಲಿ ಎಷ್ಟೋ ಹುಡುಗರಿಗೆ ಹರಿದಿದೆ ಎಂಬುದೇ ಗೊತ್ತಾಗುವುದಿಲ್ಲ. ಎಣ್ಣೆ ತಿಕ್ಕಿ, ಬ್ಯಾಂಡೇಜ್ ಸುತ್ತಿ, ಸೆಮಿಫೈನಲ್‌ಗೆ ಇಳಿಸುತ್ತೇವೆ. ಟ್ರೋಫಿಗೆ, ಫ್ಲಡ್‌ಲೈಟಿಗೆ, ಹೊರಗಿನಿಂದ ತರಿಸುವ ಆಟಗಾರರಿಗೆ ಗಲ್ಫ್‌ನ ಅಣ್ಣಂದಿರು ದುಡ್ಡು ಕಳುಹಿಸುತ್ತಾರೆ. ಅದರಲ್ಲಿ ಒಂದು ಪಾಲನ್ನು ಸ್ಕ್ಯಾನಿಂಗ್ ಮತ್ತು ಫಿಸಿಯೋಥೆರಪಿಗೆ ಎತ್ತಿಡಬಹುದು. ಅದು ಒಂದು ತಂಡದ ನಿಧಿಯಾಗದೆ ಅಕ್ಕಪಕ್ಕದ ನಾಲ್ಕೈದು ಊರಿನ ತಂಡಗಳದ್ದಾಗಲಿ. ಹುಡುಗ ನಾಳೆ ಯಾರಿಗೆ ಆಡಿದರೂ ನಷ್ಟವಾಗುವುದಿಲ್ಲ. ಇಳಿಯಬೇಕೋ ಬೇಡವೋ ಎಂಬ ತೀರ್ಮಾನ ಕ್ಯಾಪ್ಟನ್‌ನದ್ದಾಗಬಾರದು, ಹುಡುಗನದ್ದೂ ಆಗಬಾರದು, ನೋಡಿದ ವೈದ್ಯರದ್ದಾಗಬೇಕು. ಒಂಬತ್ತು ತಿಂಗಳೂ ಅವನ ಹೆಸರು ತಂಡದ ಪಟ್ಟಿಯಲ್ಲಿರಲಿ. ಆ ಸಮಯದಲ್ಲಿ ಕಾಲೇಜಿಗೋ ಐಟಿಐಗೋ ತಪ್ಪದೆ ಹೋಗುವಂತೆ ಮನೆಯವರು ನೋಡಿಕೊಳ್ಳಲಿ, ಏಕೆಂದರೆ ಎಲ್ಲ ಮೊಣಕಾಲೂ ಮೊದಲಿನಂತಾಗುವುದಿಲ್ಲ.

ನಟರಾಜನ್ ತಮ್ಮ ದುಡಿಮೆಯಿಂದ ಚಿನ್ನಪ್ಪಂಪಟ್ಟಿಯಲ್ಲೇ ಒಂದು ಕ್ರಿಕೆಟ್ ಮೈದಾನ ಮಾಡಿಸಿದರು. 2023ರ ಜೂನ್‌ನಲ್ಲಿ ದಿನೇಶ್ ಕಾರ್ತಿಕ್ ಬಂದು ಉದ್ಘಾಟಿಸಿದರು. ಜಯಪ್ರಕಾಶ್ ಅವರಂಥವರು ಹಾಕಿದ ಬಂಡವಾಳಕ್ಕೆ ಬಡ್ಡಿ ಬಂದದ್ದು ಹೀಗೆ, ಊರಿನ ಮುಂದಿನ ಹುಡುಗರ ಕೈಗೆ. ತಂಡಗಳು ಗಾಯಾಳು ಪ್ರತಿಭೆಯ ಕೈ ಹಿಡಿಯಬೇಕೇ ಎಂದು ಯಾರಾದರೂ ಕೇಳಿದರೆ, ಹಿಡಿಯಬೇಕು ಎನ್ನುತ್ತೇನೆ. ಮಿತಿ ಇಟ್ಟು, ಭಾರ ಹಂಚಿಕೊಂಡು, ಪುಟ ಮುಚ್ಚದೆ.