ಮಲೆನಾಡಿನ ಮನೆಗಳಲ್ಲಿ ಕ್ರೋಶಾ ಹೆಣಿಗೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯನ್ನು ಕುರಿತ ಒಂದು ಪರಿಶೀಲನೆ

೧

ಕನ್ನಡ ನಾಡಿನ ಕೈಗೆಲಸಗಳ ಚರಿತ್ರೆಯಲ್ಲಿ ಬೀದರಿನ ಬಿದರಿ ಪಾತ್ರೆಗೂ, ಚನ್ನಪಟ್ಟಣದ ಬಣ್ಣದ ಗೊಂಬೆಗೂ, ಧಾರವಾಡ ಪ್ರಾಂತದ ಕಸೂತಿಗೂ ಒಂದೊಂದು ಸ್ಥಾನವುಂಟು. ಇವುಗಳ ಹಿಂದೆ ಅರಮನೆಯ ಆಶ್ರಯವೋ, ಪೇಟೆಯ ಬೇಡಿಕೆಯೋ, ಪರಂಪರೆಯ ಪ್ರತಿಷ್ಠೆಯೋ ಇದ್ದುದರಿಂದ ಅಷ್ಟಿಷ್ಟಾದರೂ ದಾಖಲೆಗಳು ಉಳಿದು ಬಂದಿವೆ. ಕೊಕ್ಕೆಯ ಕಡ್ಡಿಯೊಂದರಿಂದ ನೂಲನ್ನು ಹೆಣೆದು ಮಾಡುವ ಕ್ರೋಶಾ ಕೆಲಸಕ್ಕಾದರೋ ಈ ಮೂರರಲ್ಲಿ ಒಂದೂ ದೊರೆಯಲಿಲ್ಲ. ಅದು ಯಾವ ಒಂದು ಕುಲದ ಕಸುಬೂ ಅಲ್ಲ. ಅದಕ್ಕೆ ಪ್ರಾಚೀನತೆಯ ಹಿರಿಮೆಯೂ ಇಲ್ಲ. ಆದರೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ಬಾಗಿಲ ತೋರಣ, ಆರತಿ ತಟ್ಟೆಯ ಹೊದಿಕೆ, ಮೇಜಿನ ವಸ್ತ್ರ, ಕೂಸಿನ ಕುಲಾವಿ, ಕೈಚೀಲ ಮೊದಲಾದ ರೂಪಗಳಲ್ಲಿ ಈ ಹೆಣಿಗೆ ಕಣ್ಣಿಗೆ ಬೀಳುತ್ತದೆ. ಇವನ್ನು ಯಾರು ಮಾಡಿದರೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಬಿಡುವಿನಲ್ಲಿ ಮನೆಯ ಹೆಂಗಸರು ಮಾಡಿದ್ದು.’

ಈ ‘ಬಿಡುವು’ ಎಂಬ ಮಾತೇ ಕೆಲಸದೊಳಗಿನ ಶ್ರಮವನ್ನೂ ಅದರಲ್ಲಿ ಅಡಗಿದ ಸ್ವತಂತ್ರ ವಿನ್ಯಾಸವನ್ನೂ ಇತಿಹಾಸದ ಕಣ್ಣಿನಿಂದ ಮರೆಮಾಡಿತೆಂಬುದು ಪ್ರಕೃತ ಲೇಖನದ ಪ್ರತಿಪಾದ್ಯ. ಅದನ್ನು ಸ್ಥಾಪಿಸುವುದಕ್ಕೆ ಮೊದಲು ಈ ಕಲೆಯ ಹುಟ್ಟನ್ನೂ, ಅದು ನಮ್ಮ ಕಡೆಗೆ ಬಂದ ದಾರಿಯನ್ನೂ ಸಂಕ್ಷೇಪವಾಗಿ ನೋಡುವುದು ಅವಶ್ಯಕ.

೨

‘ಕ್ರೋಶಾ’ ಎಂಬುದು ಕೊಕ್ಕೆ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದುದು. ಐರೋಪ್ಯ ದೇಶಗಳಲ್ಲಿ ಈ ಹೆಣಿಗೆಯ ಸ್ಪಷ್ಟವಾದ ಕುರುಹುಗಳು ದೊರೆಯುವುದು ೧೯ನೆಯ ಶತಮಾನದ ಆರಂಭದಿಂದ ಮಾತ್ರ. ೧೮೨೩ರಲ್ಲಿ ಡಚ್ ಪತ್ರಿಕೆಯೊಂದು ಇದರ ಮಾದರಿಗಳನ್ನು ಅಚ್ಚುಮಾಡಿತು. ೧೮೪೦ರ ದಶಕದಲ್ಲಿ ಎಲಿಯನೋರ್ ರೀಗೊ ಎಂಬ ಮಹಿಳೆ ಲಂಡನ್ನಿನಲ್ಲಿ ಪ್ರಕಟಿಸಿದ ಮಾದರಿ ಪುಸ್ತಕಗಳಿಂದ ಇದು ಮನೆಮನೆಗೆ ಹಬ್ಬಿತು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ಪೌರಸ್ತ್ಯ ಪದ್ಧತಿಯಿಂದ ಇದು ಹುಟ್ಟಿತೆಂದು ಕೆಲವು ಪಂಡಿತರು ಅಭಿಪ್ರಾಯಪಡುವರು. ಗುಜರಾತಿನ ಆರಿ ಕೆಲಸ ಆ ಪದ್ಧತಿಗೆ ಸೇರಿದ್ದು. ಈ ಅಭಿಪ್ರಾಯವನ್ನು ಒಪ್ಪಿದರೆ, ಬಟ್ಟೆಯನ್ನು ತೆಗೆದುಹಾಕಿ ಬರಿಯ ಸರಪಳಿಯನ್ನೇ ಹೆಣೆದಾಗ ಕ್ರೋಶಾ ಆಯಿತೆಂದೂ, ಪಶ್ಚಿಮದಿಂದ ಬಂದ ಕೊಕ್ಕೆಯ ಮೂಲ ಪೂರ್ವದಲ್ಲಿಯೇ ಇರಬಹುದೆಂದೂ ಹೇಳಬೇಕಾಗುತ್ತದೆ.

ಕರ್ನಾಟಕಕ್ಕೆ ಇದು ಬಂದದ್ದು ಮುಖ್ಯವಾಗಿ ಬಾಲಿಕೆಯರ ಶಿಕ್ಷಣದ ಜೊತೆಯಲ್ಲಿ. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅಪೊಸ್ತೊಲಿಕ್ ಕಾರ್ಮೆಲ್ ಪಂಥದ ಸನ್ಯಾಸಿನಿಯರು ೧೮೭೦ರಲ್ಲಿ ಅದೇ ಊರಿನಲ್ಲಿ ನೆಲೆಸಿದರು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ೧೮೮೧ರಲ್ಲಿ ಸ್ಥಾಪಿತವಾಯಿತು. ಓದುಬರಹದೊಡನೆ ಹೊಲಿಗೆ ಹೆಣಿಗೆಗಳನ್ನು ಕಲಿಸುವುದು ಅಂದಿನ ಬಾಲಿಕಾ ಶಿಕ್ಷಣದ ಸಾಮಾನ್ಯ ರೀತಿಯಾಗಿತ್ತು. ಮಗಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೆ, ಆಕೆ ಗೃಹಕೃತ್ಯಕ್ಕೆ ಒದಗುವುದನ್ನೂ ಕಲಿಯುವಳೆಂಬ ಸಮಾಧಾನವನ್ನು ಇದು ಒದಗಿಸಿತು.

ಮಲೆನಾಡಿನ ಈ ಮೂರು ತಾಲ್ಲೂಕುಗಳು ಕರಾವಳಿಗೂ ಬಯಲುಸೀಮೆಗೂ ನಡುವೆ ಇವೆ. ಶೃಂಗೇರಿ ಕೊಪ್ಪಗಳಿಗೆ ಆಗುಂಬೆಯ ಘಟ್ಟದ ಮೂಲಕ ಕೆಳಗಿನ ಸೀಮೆಯ ಸಂಪರ್ಕ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರಕ್ಕೆ ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ ತರೀಕೆರೆಯಿಂದ ಕಿರಿಯ ಅಳತೆಯ ರೈಲುಹಾದಿಯೂ ಇದ್ದಿತು. ಹತ್ತಿ ಈ ಸೀಮೆಯ ಹೊಲದ ಬೆಳೆಯಲ್ಲ. ಗಿರಣಿಯ ನೂಲಿನ ಉಂಡೆ ಹೊರಗಿನಿಂದಲೇ ಬರಬೇಕಾಗಿತ್ತು. ನೂಲು ಅಂಗಡಿಯ ದಾರಿಯಾಗಿ ಬಂದಿತು; ವಿದ್ಯೆಯಾದರೋ ಶಾಲೆಯ ದಾರಿಯಾಗಿ ಬಂದಷ್ಟೇ ಮದುವೆಯ ದಾರಿಯಾಗಿಯೂ ಬಂದಿರಬೇಕೆಂದು ಊಹಿಸುವುದು ಯುಕ್ತ. ಸೊಸೆಯಾಗಿ ಬಂದವಳು ತವರಿನಲ್ಲಿ ಕಲಿತುದನ್ನು ನಾದಿನಿಗೆ ತೋರಿಸುವಳು. ಆಕೆ ಅದನ್ನು ತನ್ನ ಅತ್ತೆಮನೆಗೆ ಒಯ್ಯುವಳು.

೩

ಹೊರಗಿನಿಂದ ಬಂದ ಈ ವಿದ್ಯೆ ಬರಿಗೈಯನ್ನೇನೂ ಸಂಧಿಸಲಿಲ್ಲ. ಅಡಿಗೆಮನೆಯ ಜಂತಿಯಿಂದ ಗಡಿಗೆಗಳನ್ನು ತೂಗುಬಿಡುವ ನೆಲುವು ಹುರಿಯ ಗಂಟುಗಳಿಂದ ಆದ ಬಲೆ. ಬಾಳೆಯ ನಾರಿನ ಕುಣಿಕೆಯಲ್ಲಿ ಹೂವಿನ ತೊಟ್ಟುಗಳನ್ನು ಬಿಗಿದು ದಂಡೆ ಕಟ್ಟುವುದು ಮಲೆನಾಡಿನ ಹುಡುಗಿಯರು ಎಳವೆಯಲ್ಲಿಯೇ ಕಲಿಯುವ ಕೆಲಸ. ದೇವರಿಗೆ ಏರಿಸುವ ಗೆಜ್ಜೆವಸ್ತ್ರದಲ್ಲಿ ಹತ್ತಿಯನ್ನು ಹಿಂಜಿ, ಹೊಸೆದು, ಸಮವಾದ ಅಂತರಗಳಲ್ಲಿ ಗೆಜ್ಜೆ ಮೂಡಿಸುವ ಕೌಶಲವಿದೆ. ಅಂಗಳದ ಚುಕ್ಕಿ ರಂಗೋಲಿಯಲ್ಲಿ ಎಣಿಕೆಯಿಂದ ಆಕೃತಿಯನ್ನು ಹುಟ್ಟಿಸುವ ಬುದ್ಧಿಯಿದೆ. ಕುಣಿಕೆ, ಬಿಗಿ, ಅಂತರ, ಎಣಿಕೆ ಎಂಬ ಈ ನಾಲ್ಕೂ ಕ್ರೋಶಾ ಕೆಲಸಕ್ಕೆ ಮೂಲವಾದುವು.

ಇದರ ಲೆಕ್ಕವನ್ನು ಒಂದೆರಡು ಉದಾಹರಣೆಗಳಿಂದ ವಿಶದಪಡಿಸಬಹುದು. ಚೌಕದ ಜಾಲರಿ ಹೆಣಿಗೆಯಲ್ಲಿ ಒಂದು ನಿಂತ ಕಂಬ, ಎರಡು ಸರಪಳಿ ಸೇರಿ ಒಂದು ಮನೆಯಾಗುತ್ತದೆ. ಸರಪಳಿಯ ಎಡೆಯಲ್ಲಿ ಕಂಬಗಳನ್ನೇ ಹಾಕಿದರೆ ಆ ಮನೆ ತುಂಬುತ್ತದೆ. ೨೦ ಮನೆಗಳ ಅಗಲ ಬೇಕಾದರೆ ಒಂದೊಂದಕ್ಕೆ ೩ರಂತೆ ೬೦, ಕೊನೆಯ ಕಂಬಕ್ಕೆ ೧, ಒಟ್ಟು ೬೧ ಹೆಣಿಗೆಗಳು ಬೇಕು. ತುಂಬಿದ ಮನೆ, ಬರಿದಾದ ಮನೆಗಳ ಎಣಿಕೆಯಿಂದಲೇ ಹಂಸ, ಕಲಶ, ನವಿಲುಗಳು ಮೂಡಬೇಕು. ಇನ್ನು ಗುಂಡಾದ ಹೊದಿಕೆಯಲ್ಲಿ ಮೊದಲ ಸುತ್ತಿಗೆ ೧೨ ಕಂಬಗಳಾದರೆ ಎರಡನೆಯದಕ್ಕೆ ೨೪, ಮೂರನೆಯದಕ್ಕೆ ೩೬. ಹೀಗೆ ಸುತ್ತಿಗೆ ೧೨ರಂತೆ ಹೆಚ್ಚುತ್ತ ಹೋದರೆ ಅದು ನೆಲಕ್ಕೆ ಸಮನಾಗಿ ಹರಡುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ಬಾಗಿ ಕುಲಾವಿಯೋ ಚೀಲವೋ ಆಗುತ್ತದೆ. ಮಿತಿಮೀರಿ ಹೆಚ್ಚಿಸಿದರೆ ಅಲೆಯಲೆಯಾಗಿ ಝಾಲರಿಯಾಗುತ್ತದೆ. ಒಂದೇ ನಿಯಮದ ಏರುಪೇರಿನಿಂದ ಮೂರು ವಸ್ತುಗಳು ಹುಟ್ಟುವುವೆಂಬುದನ್ನು ಗಮನಿಸಬೇಕು. ಇದನ್ನು ಕೈಯಲ್ಲಿಯೇ ಅರಿತಿರುವವಳು ಅಕ್ಷರ ಬಲ್ಲವಳಾಗಿರಲಿ ಬಿಡಲಿ, ಗಣಿತ ಬಲ್ಲವಳೇ ಸರಿ.

ಸ್ವಂತಿಕೆಯ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಪರದೇಶದ ಮಾದರಿ ಪುಸ್ತಕಗಳಲ್ಲಿ ಇದ್ದುದು ಗುಲಾಬಿ, ದ್ರಾಕ್ಷಿಬಳ್ಳಿ, ಕುರ್ಚಿಯ ಬೆನ್ನಿಗೆ ಹಾಸುವ ವಸ್ತ್ರ. ನಮ್ಮ ಮನೆಗಳಲ್ಲಿ ಆದದ್ದು ಮಾವಿನೆಲೆಯ ತೋರಣ. ಎಲೆಯನ್ನು ಹೆಣೆಯಲು ಸರಪಳಿಯೊಂದನ್ನು ನಡುನರವಾಗಿ ಇರಿಸಿಕೊಂಡು, ತುದಿಗಳಲ್ಲಿ ಗಿಡ್ಡ ಹೆಣಿಗೆಯನ್ನೂ ನಡುವೆ ಎತ್ತರದ ಕಂಬಗಳನ್ನೂ ಹಾಕುತ್ತ ಎರಡು ಪಕ್ಕಗಳನ್ನೂ ಸುತ್ತಿ ಬರಬೇಕು. ಹಬ್ಬದ ಮರುದಿನ ಬಾಡುವ ಎಲೆಗೆ ಬದಲಾಗಿ ವರ್ಷವೆಲ್ಲ ಬಾಗಿಲನ್ನು ಅಲಂಕರಿಸುವ ಎಲೆ ಹೀಗೆ ದೊರೆಯಿತು. ಸಾಧನ ಹೊರಗಿನದು, ನೂಲು ಗಿರಣಿಯದು. ಪ್ರಯೋಜನ, ಆಕೃತಿ, ಔಚಿತ್ಯಗಳು ಮನೆಯವು. ಇದನ್ನು ಅನುಕರಣವೆನ್ನುವುದು ಸಲ್ಲದು.

೪

ಇನ್ನು ‘ಬಿಡುವಿನ ಕೆಲಸ’ವೆಂಬ ಮಾತನ್ನು ಪರೀಕ್ಷಿಸೋಣ. ಅಡಕೆಯ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲ ಅಡಕೆ ಸುಲಿಯುವವರಲ್ಲಿ ಹೆಂಗಸರೇ ಬಹಳ. ಆ ಕೆಲಸಕ್ಕೆ ಅಳತೆಯುಂಟು, ಅಳತೆಗೆ ಕೂಲಿಯುಂಟು, ಕೂಲಿಗೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲುಂಟು. ಮಳೆಗಾಲದಲ್ಲಿ ಅಂಥದೇ ಕೈಗಳು ಜಗಲಿಯಲ್ಲಿ ಕುಳಿತು ಹೆಣೆದ ಹೊದಿಕೆಗೆ ಅಳತೆಯೂ ಇಲ್ಲ, ಸಾಲೂ ಇಲ್ಲ. ಶ್ರಮದಲ್ಲಿ ಭೇದವಿರುವುದರಿಂದ ಹೀಗಾಯಿತೆನ್ನಲಾಗದು. ಒಂದು ಪೇಟೆಗೆ ಹೋಗುವ ಸರಕಿಗೆ ಸೇರಿದುದು, ಇನ್ನೊಂದು ಮನೆಯೊಳಗೇ ಉಳಿದುದು ಎಂಬುದೇ ಭೇದ.

ಹಾಗಾದರೆ ಪೇಟೆಗೆ ಹೋದ ಕಡೆಯಲ್ಲಾದರೂ ಈ ಕಲೆಗೆ ನ್ಯಾಯ ದೊರೆಯಿತೇ? ಎರಡು ನಿದರ್ಶನಗಳನ್ನು ನೋಡಬಹುದು. ೧೮೪೫ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೆಟ್ಟು ಕ್ಷಾಮ ಬಂದಾಗ ಅಲ್ಲಿನ ಸನ್ಯಾಸಿನಿಯರ ಮಠಗಳು ಕ್ರೋಶಾ ಕಲಿಸಿ ಅನೇಕ ಕುಟುಂಬಗಳ ಪ್ರಾಣ ಉಳಿಸಿದವು. ಒಬ್ಬಳು ಹೂವನ್ನೂ ಮತ್ತೊಬ್ಬಳು ಎಲೆಯನ್ನೂ ಹೆಣೆದರೆ, ಬೇರೊಬ್ಬಳು ಜಾಲರಿಯಿಂದ ಅವನ್ನು ಜೋಡಿಸುತ್ತಿದ್ದಳು. ಧರಿಸಿದವರು ಸಿರಿವಂತರು, ಹೆಣೆದವರ ಹೆಸರು ವಸ್ತ್ರದ ಮೇಲೆ ಉಳಿಯಲಿಲ್ಲ.

ನಮಗೆ ಹೆಚ್ಚು ಸಮೀಪದ ನಿದರ್ಶನ ಗೋದಾವರಿಯ ಮುಖಜಭೂಮಿಯಲ್ಲಿರುವ ನರಸಾಪುರದ್ದು. ೧೯ನೆಯ ಶತಮಾನದಲ್ಲಿ ಮಿಷನರಿಗಳಿಂದ ಅಲ್ಲಿಗೆ ಬಂದ ಈ ಹೆಣಿಗೆ ಕ್ರಮೇಣ ಪರದೇಶಗಳಿಗೆ ರಫ್ತಾಗುವ ಉದ್ಯಮವಾಗಿ ಬೆಳೆಯಿತು. ಅದನ್ನು ಕುರಿತು ಜರ್ಮನಿಯ ವಿದುಷಿ ಮಾರಿಯಾ ಮೀಸ್ ೧೯೮೨ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ದಿನದ ಹಲವು ಗಂಟೆಗಳನ್ನು ಹೆಣಿಗೆಯಲ್ಲಿ ಕಳೆಯುವ ಸ್ತ್ರೀಯರನ್ನು ಕೆಲಸಗಾರರೆಂದು ಎಣಿಸದೆ ಗೃಹಿಣಿಯರೆಂದೇ ಎಣಿಸಿದ್ದು ಅವರ ಕೂಲಿ ತೀರ ಕೆಳಮಟ್ಟದಲ್ಲಿ ಉಳಿಯಲು ಕಾರಣವೆಂದೂ, ಲಾಭವು ವ್ಯಾಪಾರಿಗಳ ಪಾಲಾಯಿತೆಂದೂ ಆಕೆ ತೋರಿಸಿದರು. ೨೦೨೪ರಲ್ಲಿ ನರಸಾಪುರದ ಕ್ರೋಶಾ ಕಸುಬಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ಮನ್ನಣೆಯಿಂದ ಊರಿನ ಹೆಸರಿಗೆ ರಕ್ಷಣೆ ದೊರೆತಂತಾಯಿತು. ಹೆಣೆದ ಒಬ್ಬೊಬ್ಬಳ ಹೆಸರು ದೊರೆಯುವುದು ಅದರಿಂದ ಸಾಧ್ಯವಿಲ್ಲ.

ಮನೆಯಲ್ಲಿ ಉಳಿದರೆ ದಾಖಲೆಯಿಲ್ಲ, ಪೇಟೆಗೆ ಹೋದರೆ ಮೌಲ್ಯವಿಲ್ಲ ಎಂಬ ಈ ಎರಡು ಅವಸ್ಥೆಗಳಿಗೂ ಮೂಲ ಒಂದೇ, ಅದು ‘ಬಿಡುವು’ ಎಂಬ ಕಲ್ಪನೆ. ನಿಜವಾದ ಕ್ರೋಶಾ ಹೆಣಿಗೆಯನ್ನು ಮಾಡಬಲ್ಲ ಯಂತ್ರ ಕಾರ್ಖಾನೆಗಳ ಬಳಕೆಗೆ ಇಂದಿಗೂ ಬಂದಿಲ್ಲ. ಕಾರ್ಖಾನೆಯ ಯಂತ್ರಗಳು ಮಾಡುವುದು ಅದರ ಹೋಲಿಕೆಯನ್ನು ಮಾತ್ರ. ಆದಕಾರಣ ಅಂಗಡಿಯಲ್ಲಿ ಎಷ್ಟೇ ಅಗ್ಗವಾಗಿ ದೊರೆಯುವ ಕ್ರೋಶಾ ವಸ್ತುವಿನ ಹಿಂದೆಯೂ ಯಾವುದೋ ಒಂದು ಕೈಯ ಹಲವು ಗಂಟೆಗಳಿರುವುವು.

೫

ಸ್ವಾತಂತ್ರ್ಯಾನಂತರ ಈ ಕೆಲಸಕ್ಕೆ ಸಾರ್ವಜನಿಕ ಪ್ರೋತ್ಸಾಹ ದೊರೆಯದೆ ಇರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ನೇತೃತ್ವದಲ್ಲಿ ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಏರ್ಪಟ್ಟಿತು. ಅದೇ ವರ್ಷ ಸಮುದಾಯಾಭಿವೃದ್ಧಿ ಯೋಜನೆ ಆರಂಭವಾಯಿತು. ೧೯೫೩ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಹುಟ್ಟಿತು. ಮಹಿಳಾ ಸಮಾಜಗಳ ಹೊಲಿಗೆ ತರಗತಿಗಳಿಗೆ ಈ ಕಾಲದಲ್ಲಿ ಬಲ ಬಂದಿತು. ೨೦೦೦-೦೧ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳು ಮಾರಾಟದ ದಾರಿಯನ್ನು ತೆರೆದವು. ಆದರೆ ತರಬೇತಿ ಕೊಡುವುದು ಒಂದು, ವಿನ್ಯಾಸ ಯಾರದೆಂದು ಬರೆದಿಡುವುದು ಇನ್ನೊಂದು.

ಕಾಲವೂ ಅನುಕೂಲವಾಗಿಲ್ಲ. ಮಲೆನಾಡಿನ ಮಳೆಗಾಲದ ತೇವದಲ್ಲಿ ಗಂಜಿ ಹಾಕಿದ ಹತ್ತಿಯ ನೂಲಿಗೆ ಬೂಷ್ಟು ಹಿಡಿಯುತ್ತದೆ. ಒಗೆದೊಗೆದು ಸವೆದ ಹೊದಿಕೆ ಕೊನೆಗೆ ಒರೆಸುವ ಅರಿವೆಯಾಗುತ್ತದೆ. ಶಿಲಾಶಾಸನ ನೂರಾರು ವರ್ಷ ಕಾಯಬಲ್ಲುದು. ನೂಲಿನ ಶಾಸನ ಒಂದೆರಡು ತಲೆಮಾರಿಗಿಂತ ಹೆಚ್ಚು ಕಾಯದು. ಮೇಲಾಗಿ, ಈ ವಿದ್ಯೆ ಹೆಚ್ಚಾಗಿ ಬರಹದಿಂದ ಬರದೆ, ಅಂಗೈಯಗಲದ ಮಾದರಿ ತುಂಡುಗಳಿಂದ ಕೈಗೆ ಕೈ ದಾಟಿ ಬಂದುದು. ತುಂಡು ಹೋದರೆ ಎಣಿಕೆಯೂ ಹೋಯಿತು.

ಆದುದರಿಂದ ಈ ಸೀಮೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೊಂದಿದೆ. ತಮ್ಮ ತಮ್ಮ ಮನೆಗಳಲ್ಲಿ ಉಳಿದಿರುವ ಹೆಣಿಗೆಗಳನ್ನು ನೋಡಿ, ಹೆಣೆದವರ ಹೆಸರು, ತವರೂರು, ಕಲಿತುದು ಯಾರಿಂದ, ಹೆಣೆದ ವರ್ಷ ಮತ್ತು ಸಂದರ್ಭ, ನೂಲಿನ ಬಗೆ, ಸುತ್ತು ಮತ್ತು ಮನೆಗಳ ಎಣಿಕೆ, ಆಕೃತಿ ಎಲ್ಲಿಂದ ಬಂದಿತೆಂಬ ಹೇಳಿಕೆ, ಇಷ್ಟನ್ನು ಬರೆದಿಡಬೇಕು. ಹೆಣೆದವರು ಬದುಕಿರುವಾಗಲೇ ಅವರ ಒಪ್ಪಿಗೆ ಪಡೆದು ಇದನ್ನು ಮಾಡುವುದು ಉಚಿತ. ನೂರು ಮನೆಗಳ ಇಂಥ ಪಟ್ಟಿಯೊಂದು ಸಿದ್ಧವಾದರೆ, ಯಾವ ಆಕೃತಿ ಘಟ್ಟದ ಕೆಳಗಿನಿಂದ ಬಂದಿತು, ಯಾವುದು ಇಲ್ಲಿಯೇ ಹುಟ್ಟಿತು, ಯಾವ ಸಂಬಂಧದ ದಾರಿಯಲ್ಲಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳಿಗೆ ಊಹೆಯ ಬದಲು ಆಧಾರ ಸಿಕ್ಕೀತು. ‘ಮನೆಯ ಹೆಂಗಸರು’ ಎಂಬ ಒಟ್ಟು ಮಾತಿನ ಸ್ಥಾನದಲ್ಲಿ ಒಬ್ಬೊಬ್ಬ ಕಲಾವಿದೆಯ ಹೆಸರು ಬರುವುದೂ ಆಗ ಸಾಧ್ಯವಾಗುತ್ತದೆ.