ಬಂಡಿಯ ಅಚ್ಚಿನಿಂದ ಪಿಕಪ್ಪಿನ ಪಾಟಾದವರೆಗೆ

ಕಪನೂರಿನ ನಮ್ಮ ಗೆಳೆಯನೊಬ್ಬ ಸಾಲ ಮಾಡಿ ಹೊಸ ಪಿಕಪ್ ತಂದಿದ್ದಾನೆ. ಸುಗ್ಗಿಯಲ್ಲಿ ದಾಲ್‌ಮಿಲ್ಲಿಗೆ ತೊಗರಿ, ಉಳಿದ ದಿನ ಕಮಲಾಪುರದ ಕೆಂಪು ಬಾಳೆ ಹೇರುವ ಲೆಕ್ಕ ಅವನದು. “ಹಿಂದ ಎರಡು ಪಾಟಾ ಹೆಚ್ಚಿಗಿ ಹಾಕಿಸಿ, ದೊಡ್ಡ ಟೈರ್ ಕೂಡಿಸಿದ್ರ ಇನ್ನೂ ಹತ್ತು ಚೀಲ ಹಿಡೀತಾವ. ಏನಂತೀರಿ?” ಎಂದು ಕೇಳಿದ. ಉತ್ತರ ಹುಡುಕುತ್ತ ನಾವು ಬಂಡಿಯ ಕಾಲಕ್ಕೇ ಹೋದೆವು.

ಅಜ್ಜಂದಿರ ಕಟ್ಟಿಗೆ ಗಾಲಿಯ ಬಂಡಿಗೆ ಪಾಟಾ ಇರಲಿಲ್ಲ. ಎರೆ ಹೊಲದ ಕೆಸರಿನಲ್ಲಿ ಹೇರು ಹೆಚ್ಚಾದರೆ ಎತ್ತು ನಿಂತುಬಿಡುತ್ತಿತ್ತು. ಆಗ ಎತ್ತೇ ತೂಕದ ಕಾಟಾ.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಮುಂದೆ ಅಂಥ ಟೈರು ನಮ್ಮ ಬಂಡಿಗೂ ಬಂತು. ಗಾಲಿ ಹಗುರಾಗಿ ಉರುಳಿತು, ಹೇರು ಏರಿತು. ಆದರೆ ಬ್ರೇಕ್ ಇಲ್ಲದ ಬಂಡಿ ಇಳಿಜಾರಿನಲ್ಲಿ ಎತ್ತುಗಳ ಮೇಲೆಯೇ ನುಗ್ಗುತ್ತಿತ್ತು. ಒಂದು ಭಾಗ ಬಲವಾದರೆ ಭಾರ ಇನ್ನೊಂದಕ್ಕೆ ಬೀಳುತ್ತದೆ.

ನಮ್ಮ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1932ರಲ್ಲಿ, 27 ಬಸ್ಸುಗಳೊಂದಿಗೆ. ದೇಶದಲ್ಲಿ 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಗಾಡಿ ಹೊಲದ ದಾರಿಗೂ ಇಳಿಯಿತು. ಬಂಡಿ ಹೊಡೆಯುವವನ ಮಗ ಗಾಡಿ ಮಾಲೀಕನಾದ. ನಿಂತುಬಿಡುವ ಎತ್ತು ಮಾತ್ರ ಇಲ್ಲವಾಯಿತು.

ಪಾಟಾ ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಎರಡು ಕೂಡಿಸಿದರೆ ಗಾಡಿ ಹಿಂದೆ ಕುಸಿಯುವುದು ಕಡಿಮೆಯಾಗುತ್ತದೆ, ನಿಜ. ಆದರೆ ಆಕ್ಸಲ್, ಬೇರಿಂಗ್, ಚಾಸಿ, ಬ್ರೇಕ್ ಹಳೆಯವೇ. ಖಾಲಿ ಗಾಡಿ ಕುಪ್ಪಳಿಸಿ ಟೈರಿನ ಹಿಡಿತ ತಪ್ಪುತ್ತದೆ. ಟೈರಿನ ಸುತ್ತಳತೆ ನೂರಕ್ಕೆ ಐದು ಹೆಚ್ಚಾದರೆ ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ಎಂಜಿನ್ನಿಗೂ ಎಳೆತ ಹೆಚ್ಚು.

ಕಾನೂನೂ ಬದಲಾಗುತ್ತ ಬಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು 2000ದಲ್ಲಿ ಬಿಗಿಗೊಳಿಸಿ, ಕಂಪನಿ ನಮೂದಿಸಿದ ವಿವರಕ್ಕೆ ಹೊಂದದ ಬದಲಾವಣೆ ಕೂಡದು ಎಂದರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೆಚ್ಚು ಹೇರಿದರೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ದಾರಿಯಾಗುತ್ತದೆ.

ಗೆಳೆಯನ ಜೊತೆ ಕುಳಿತು ಆರ್‌ಸಿ ತೆಗೆದು ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ. ತುಂಬಿದ ಗಾಡಿಯ ತೂಕ 3,000 ಕಿಲೋ, ಖಾಲಿ ತೂಕ 1,700 ಎಂದಿದ್ದರೆ ಉಳಿಯುವುದು 1,300. ಡ್ರೈವರ್, ಹಮಾಲರಿಗೆ 150 ತೆಗೆದರೆ 1,150, ಅಂದರೆ 50 ಕಿಲೋದ 23 ಚೀಲ. ಪಾಟಾ ಎಷ್ಟು ಹಾಕಿಸಿದರೂ ಆರ್‌ಸಿಯ ಅಂಕಿ ಏರುವುದಿಲ್ಲ. ಹೆಚ್ಚು ಹೇರಲೇಬೇಕೆಂದರೆ ಕೊಳ್ಳುವ ಮೊದಲೇ ದೊಡ್ಡ ಮಾಡೆಲ್ ನೋಡಬೇಕು.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾರ ಎರಡು ಟ್ರಿಪ್ ಹೊಡೀತೀನಿ” ಎಂದು ಆರ್‌ಸಿ ಮಡಚಿ ಕಿಸೆಗೆ ಹಾಕಿಕೊಂಡ. ಡೀಸೆಲ್ ಖರ್ಚು ಹೆಚ್ಚಾಗುತ್ತದೆ, ಅದು ಅವನಿಗೂ ಗೊತ್ತು. ನಿಂತುಬಿಡುವ ಎತ್ತಿನ ಕೆಲಸವನ್ನು ಈಗ ಅವನೇ ಮಾಡಬೇಕು.