ಪದಗಳ ಭಾವಪರಿಣಾಮ: ಅಧ್ಯಯನದ ಇತಿಹಾಸ

ಪದದಲ್ಲಿ ಅಡಗಿರುವ ಭಾವವು ಓದುವವರ ಇಚ್ಛೆಗೆ ಕಾಯದೆ ಗಮನ ಸೆಳೆಯುತ್ತದೆ. ಆ ಪದದ ಗ್ರಹಿಕೆಯನ್ನೂ ನೆನಪನ್ನೂ ಬದಲಿಸುತ್ತದೆ. ಮಾತು ಮತ್ತು ಭಾವದ ನಂಟನ್ನು ಭಾರತೀಯ ಕಾವ್ಯಮೀಮಾಂಸೆ ಬಹು ಹಿಂದೆಯೇ ಕೈಗೆತ್ತಿಕೊಂಡಿತ್ತು. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಲಕ್ಷಣಗ್ರಂಥ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿತು. ಆದರೆ ಕಾವ್ಯಮೀಮಾಂಸೆಯ ರಸವಿಚಾರ ಸಹೃದಯನ ಆಸ್ವಾದಕ್ಕೆ ಸಂಬಂಧಿಸಿದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುವ ಪರಿಣಾಮವನ್ನು ಅದರೊಂದಿಗೆ ಬೆರೆಸಬಾರದು.

ಆ ಪರಿಣಾಮವನ್ನು ಅಳೆಯುವ ಯತ್ನ 20ನೆಯ ಶತಮಾನದ ಆರಂಭದ್ದು. ಜ್ಯೂರಿಕ್‌ನಲ್ಲಿ ಕಾರ್ಲ್ ಯೂಂಗ್ ಒಂದೊಂದೇ ಪದ ಹೇಳಿ, ಉತ್ತರ ತಡವಾಗುವ ಕಡೆ ಮನಸ್ಸಿನ ನೋವನ್ನು ಹುಡುಕಿದ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚಾದ ಬಣ್ಣದ ಹೆಸರುಗಳನ್ನು ತೋರಿಸಿ, ಶಾಯಿಯ ಬಣ್ಣ ಹೇಳುವಾಗ ಪದದ ಅರ್ಥ ಅಡ್ಡ ಬರುವುದನ್ನು ಸಾಬೀತುಪಡಿಸಿದ. 1980ರ ದಶಕದಲ್ಲಿ ಬಣ್ಣದ ಹೆಸರುಗಳ ಜಾಗಕ್ಕೆ ಭಯದ ಪದಗಳು ಬಂದವು. ಜೇಡಕ್ಕೆ ಹೆದರುವವರು ಜೇಡಕ್ಕೆ ಸಂಬಂಧಿಸಿದ ಪದಗಳ ಬಣ್ಣ ಹೇಳಲು ತಡವರಿಸಿದರು. 1990ರಲ್ಲಿ ರಿಚರ್ಡ್ ಮ್ಯಾಕ್‌ನಾಲಿ ಮತ್ತು ಸಂಗಡಿಗರು ಆಘಾತೋತ್ತರ ಒತ್ತಡದಿಂದ ಬಳಲುತ್ತಿದ್ದ ವಿಯೆಟ್ನಾಂ ಯುದ್ಧದ ಸೈನಿಕರಲ್ಲಿ ಇದೇ ಬಗೆಯ ತಡೆಯನ್ನು ಕಂಡರು.

ಈ ಫಲಿತಾಂಶಗಳನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಅನೇಕ ಪ್ರಯೋಗಗಳಲ್ಲಿ ಭಾವದ ಪದಗಳು ಉಳಿದವಕ್ಕಿಂತ ಉದ್ದವಾಗಿದ್ದವು, ಬಳಕೆಯಲ್ಲಿ ವಿರಳವಾಗಿದ್ದವು ಎಂದು 2006ರಲ್ಲಿ ಲಾರ್ಸೆನ್ ಮತ್ತು ಸಂಗಡಿಗರು ತೋರಿಸಿದರು. ನೆನಪಿನ ವಿಷಯದಲ್ಲಿ ಆಧಾರ ಇನ್ನಷ್ಟು ಗಟ್ಟಿ. 1994ರಲ್ಲಿ ಕೇಹಿಲ್ ಮತ್ತು ಮ್ಯಾಕ್‌ಗಾ ಒತ್ತಡದ ಹಾರ್ಮೋನಿನ ಪರಿಣಾಮವನ್ನು ತಡೆಯುವ ಪ್ರೊಪ್ರನಲಾಲ್ ಮಾತ್ರೆ ಕೊಟ್ಟಾಗ, ಭಾವುಕ ಕಥೆ ಹೆಚ್ಚು ನೆನಪುಳಿಯುವ ಅನುಕೂಲ ಕುಗ್ಗಿತು. ಸಾಮಾನ್ಯ ಕಥೆಯ ನೆನಪು ಹಾಗೆಯೇ ಉಳಿಯಿತು.

ಮರಾಠವಾಡದ ಗಡಿಯಲ್ಲಿ ಈ ಅಧ್ಯಯನಕ್ಕೆ ವಿಶೇಷ ತೂಕವಿದೆ. ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿರುವ ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಇಲ್ಲಿನ ಕನ್ನಡ ಮನೆಗಳಲ್ಲಿ ಜೋಗುಳ, ಗದರಿಕೆ ಕನ್ನಡದಲ್ಲಿ. ಶಾಲೆ, ಕಚೇರಿ ಬಹುತೇಕ ಮರಾಠಿಯಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಊರೆಲ್ಲ ಮಲಗಿದ್ದಾಗ, ಕಿಲ್ಲಾರಿ ಭೂಕಂಪ ಔಸಾ, ಉಮರ್ಗಾ ತಾಲ್ಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಸುಮಾರು 10,000 ಜನ ಸತ್ತರು. ಮಣ್ಣು ಮೆತ್ತಿದ ದಪ್ಪ ಕಲ್ಲಿನ ಗೋಡೆಗಳೇ ಮಲಗಿದ್ದವರ ಮೇಲೆ ಕುಸಿದವು. ಬೇರೆಡೆ ಸಾಧಾರಣವಾದ ‘ಗೋಡೆ’, ‘ಮಾಳಿಗೆ’ ಎಂಬ ಪದಗಳನ್ನು ಇಲ್ಲಿ ಭಾವರಹಿತ ಪದಗಳ ಪಟ್ಟಿಗೆ ಸೇರಿಸುವುದು ಅವಿವೇಕ.

ಪದ ಯಾವ ನುಡಿಯದು ಎಂಬುದೂ ಮುಖ್ಯ. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ತುರ್ಕಿ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಚರ್ಮದ ವಿದ್ಯುತ್ ಪ್ರತಿಕ್ರಿಯೆ ಅಳೆದರು. ಬಾಲ್ಯದ ಗದರಿಕೆ ತಾಯ್ನುಡಿಯಲ್ಲಿ ಕೇಳಿದಾಗ ಮೈ ಹೆಚ್ಚು ಸ್ಪಂದಿಸಿತು. ಭಾವಬಲ ಗುರುತಿಸಿದ 1,034 ಇಂಗ್ಲಿಷ್ ಪದಗಳ ಪಟ್ಟಿಯನ್ನು ಬ್ರ್ಯಾಡ್ಲಿ ಮತ್ತು ಲ್ಯಾಂಗ್ 1999ರಲ್ಲೇ ಪ್ರಕಟಿಸಿದ್ದರು. ಅದನ್ನು ಅನುವಾದಿಸಿ ಉಮರ್ಗಾಕ್ಕೆ ಒಯ್ದರೆ ಸಾಲದು: ಅಲ್ಲಿನವರಿಂದಲೇ, ಮನೆಯ ಕನ್ನಡಕ್ಕೂ ಶಾಲೆಯ ಮರಾಠಿಗೂ ಪ್ರತ್ಯೇಕವಾಗಿ, ಭೂಕಂಪವನ್ನು ಕಂಡವರಿಗೂ ಆಮೇಲೆ ಹುಟ್ಟಿದವರಿಗೂ ಬೇರೆಬೇರೆಯಾಗಿ ಪದಗಳ ಭಾವಬಲವನ್ನು ಅಳೆಯಬೇಕಾಗುತ್ತದೆ.